ನೆಟ್‌ವರ್ಕ್ ಮಲಗಿತೇ? ರೂಟರ್ ಬಿಡಿ, ಲೂಪ್ ಹುಡುಕಿ

ಆಯುಧಪೂಜೆಗೆಂದು ಮೇಜು ಸರಿಸಿ ಧೂಳು ಹೊಡೆಯುವಾಗ ಲ್ಯಾನ್ ಕೇಬಲ್‌ಗಳನ್ನೂ ಕಿತ್ತಿಡುತ್ತಾರೆ. ಆಮೇಲೆ ಕೈಗೆ ಸಿಕ್ಕ ತುದಿಯನ್ನು ಖಾಲಿ ಕಂಡ ಪೋರ್ಟಿಗೆ ಸಿಕ್ಕಿಸುತ್ತಾರೆ. ಒಂದೇ ಕೇಬಲ್ಲಿನ ಎರಡೂ ತುದಿ ಒಂದೇ ಸ್ವಿಚ್ (ಲ್ಯಾನ್ ಕೇಬಲ್‌ಗಳನ್ನೆಲ್ಲ ಸೇರಿಸುವ ಪೆಟ್ಟಿಗೆ) ಸೇರಿದರೆ ಅದೇ ಲೂಪ್, ಅಲ್ಲಿಗೆ ಮುಗಿಯಿತು. ಮೈಸೂರಿನ ಹೆಬ್ಬಾಳದ ಕಾರ್ಖಾನೆಯಾಗಲಿ, ಸರಸ್ವತಿಪುರಂನ ಪಿಜಿಯಾಗಲಿ, ಇಡೀ ನೆಟ್‌ವರ್ಕ್ ಮಲಗುತ್ತದೆ. ಐಪಿ ಪ್ಯಾಕೆಟ್ಟಿಗೆ ಇರುವಂತೆ ಈಥರ್ನೆಟ್ ಫ್ರೇಮಿಗೆ, ಅಂದರೆ ಲ್ಯಾನ್ ಕೇಬಲ್ಲಿನಲ್ಲಿ ಓಡುವ ಮಾಹಿತಿಯ ಕಟ್ಟಿಗೆ, ಆಯುಸ್ಸಿನ ಲೆಕ್ಕವಿಲ್ಲ. ಎಲ್ಲ ಯಂತ್ರಗಳಿಗೂ ಹೋಗುವ ಸಂದೇಶ, ಅಂದರೆ ಬ್ರಾಡ್‌ಕಾಸ್ಟ್, ಒಂದು ಹೊಕ್ಕರೂ ಸಾಕು, ಕೇಬಲ್ ಕೀಳುವವರೆಗೆ ಸುತ್ತುತ್ತಲೇ ಇರುತ್ತದೆ.

ಮೊದಲು ಇದು ಲೂಪೇ ಎಂದು ಖಚಿತಪಡಿಸಿಕೊಳ್ಳಿ. ಸ್ವಿಚ್‌ನ ಎಲ್ಲ ಲೈಟುಗಳೂ ಬಿಡುವಿಲ್ಲದೆ ಒಟ್ಟಿಗೆ ಮಿನುಗುತ್ತಿರುತ್ತವೆ. ರೂಟರಿಗೆ ಕಳಿಸಿದ ಪಿಂಗ್‌ಗೆ ('ಇದ್ದೀಯಾ' ಎಂದು ಕೇಳುವ ಪುಟ್ಟ ಸಂದೇಶಕ್ಕೆ) ಉತ್ತರ ಒಮ್ಮೆ ಬರುತ್ತದೆ, ನಾಲ್ಕು ಸಲ ಬರುವುದಿಲ್ಲ. ಹೊಸದಾಗಿ ಆನ್ ಮಾಡಿದ ಕಂಪ್ಯೂಟರಿಗೆ 169.254ರಿಂದ ಶುರುವಾಗುವ ವಿಳಾಸ ಬರುತ್ತದೆ. ಮ್ಯಾನೇಜ್ಡ್ ಸ್ವಿಚ್ (ಒಳಗೆ ಹೊಕ್ಕು ಸೆಟ್ಟಿಂಗ್ ಬದಲಿಸಬಹುದಾದದ್ದು) ಇದ್ದರೆ ಲಾಗ್ ನೋಡಿ: ಒಂದೇ ಮ್ಯಾಕ್ ವಿಳಾಸ (ಯಂತ್ರದ ಹಾರ್ಡ್‌ವೇರ್ ಗುರುತು) ಎರಡು ಪೋರ್ಟುಗಳ ನಡುವೆ ಜಿಗಿದಾಡುತ್ತಿದ್ದರೆ ಆ ಎರಡರಿಂದಲೇ ಹುಡುಕಾಟ ಶುರು ಮಾಡಿ. ಒಬ್ಬರ ಕಂಪ್ಯೂಟರಿಗೆ ಮಾತ್ರ ತೊಂದರೆಯಿದ್ದರೆ ಅದು ಲೂಪ್ ಅಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡುವುದು ದಂಡ. ಸ್ವಿಚ್ ರೀಸ್ಟಾರ್ಟ್ ಮಾಡಿದರೂ ಅಷ್ಟೆ, ಮೊದಲ ಬ್ರಾಡ್‌ಕಾಸ್ಟ್ ಬಂದೊಡನೆ ಮತ್ತೆ ಅದೇ ಪಾಡು.

ಎಡವುವುದು ಇನ್ನು ಮುಂದೆ. ಒಂದು ಕೇಬಲ್ ಕಿತ್ತು, ನೋಡಿ, ವಾಪಸ್ ಹಾಕಿ, ಇನ್ನೊಂದು ಕೀಳುತ್ತಾ ಹೋಗುತ್ತಾರೆ. ಎರಡು ಕಡೆ ಲೂಪ್ ಇದ್ದರೆ ಈ ದಾರಿಯಲ್ಲಿ ಸಂಜೆಯಾದರೂ ಸಿಗುವುದಿಲ್ಲ. ಮುಖ್ಯ ಸ್ವಿಚ್‌ನ ಫೋಟೋ ತೆಗೆದು, ಪ್ರತಿ ಕೇಬಲ್ಲಿಗೂ ಟೇಪ್ ಸುತ್ತಿ ಪೋರ್ಟ್ ಸಂಖ್ಯೆ ಬರೆಯಿರಿ. ಆಮೇಲೆ ಎಲ್ಲವನ್ನೂ ಕಿತ್ತು, ರೂಟರ್ ಮತ್ತು ನಿಮ್ಮ ಲ್ಯಾಪ್‌ಟಾಪ್ ಎರಡನ್ನೇ ಹಾಕಿ. ಲ್ಯಾಪ್‌ಟಾಪಿನಿಂದ ರೂಟರಿಗೆ ನಿಲ್ಲದ ಪಿಂಗ್ ಓಡುತ್ತಿರಲಿ. ಈಗ ಒಂದೊಂದೇ ಕೇಬಲ್ ಸೇರಿಸಿ, ಪ್ರತಿಯೊಂದಕ್ಕೂ ಅರ್ಧ ನಿಮಿಷ ಕಾಯಿರಿ. ಒಂದನ್ನು ಹಾಕಿದೊಡನೆ ಪಿಂಗ್ ಕೆಟ್ಟರೆ ಅದನ್ನು ಹೊರಗಿಟ್ಟು ಉಳಿದವನ್ನು ಮುಂದುವರಿಸಿ.

ಹೊರಗಿಟ್ಟಿದ್ದನ್ನು ಕೊನೆಗೆ ಒಂಟಿಯಾಗಿ ಪರೀಕ್ಷಿಸಿ. ಒಂಟಿಯಾಗಿದ್ದರೂ ಕೆಡಿಸಿದರೆ ಲೂಪ್ ಆ ಕವಲಿನೊಳಗೇ ಇದೆ. ಅದರ ತುದಿಯ ಸ್ವಿಚ್‌ಗೆ ಹೋಗಿ ಇದೇ ಕೆಲಸ ಮಾಡಿ. ಒಂಟಿಯಾಗಿ ಸುಮ್ಮನಿದ್ದು, ಇನ್ನೊಂದು ನಿರ್ದಿಷ್ಟ ಕೇಬಲ್ ಜೊತೆಯಾದಾಗ ಮಾತ್ರ ಕೆಡಿಸಿದರೆ, ಆ ಎರಡು ಕವಲುಗಳನ್ನು ಯಾರೋ ಎಲ್ಲೋ ಬೆಸೆದಿದ್ದಾರೆ. ಎರಡೂ ವೈರುಗಳನ್ನು ಗೋಡೆಗೆ ಸಿಕ್ಕಿಸಿಕೊಂಡ ಐಪಿ ಫೋನ್, ಮೇಜಿನ ಕೆಳಗಿನ ಐದು ಪೋರ್ಟಿನ ಪುಟ್ಟ ಸ್ವಿಚ್, 'ಸ್ಪೀಡ್ ಹೆಚ್ಚಲಿ' ಎಂದು ಎರಡು ಸ್ವಿಚ್‌ಗಳ ನಡುವೆ ಎಳೆದ ಎರಡನೇ ಕೇಬಲ್: ಮೊದಲು ಈ ಮೂರನ್ನು ನೋಡಿ. ಲಿಂಕ್ ಅಗ್ರಿಗೇಷನ್ (ಎರಡು ಕೇಬಲ್‌ಗಳನ್ನು ಒಂದೇ ಎಂಬಂತೆ ಬಳಸುವ ಸೆಟ್ಟಿಂಗ್) ಹೊಂದಿಸದೆ ಎಳೆದ ಎರಡನೇ ಕೇಬಲ್ ಸ್ಪೀಡ್ ಕೊಡುವುದಿಲ್ಲ, ಲೂಪ್ ಕೊಡುತ್ತದೆ.

ಮತ್ತೆ ಹೀಗಾಗದಿರಲು ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ) ಬೇಕು, ಅಂದರೆ ಸ್ವಿಚ್‌ಗಳು ತಮ್ಮಲ್ಲೇ ಒಂದನ್ನು ಯಜಮಾನನೆಂದು ಆರಿಸಿಕೊಂಡು ಲೂಪ್ ಆಗುವ ದಾರಿಯನ್ನು ಮುಚ್ಚುವ ವ್ಯವಸ್ಥೆ. 1985ರಲ್ಲಿ ರೇಡಿಯಾ ಪರ್ಲ್‌ಮನ್ ರೂಪಿಸಿದ ಈ ಉಪಾಯವನ್ನು ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗಳು ನಡೆಸುವುದಿಲ್ಲ, ಅವನ್ನು ಕೊಳ್ಳಲೇಬೇಡಿ. ಸ್ಪ್ಯಾನಿಂಗ್ ಟ್ರೀಯ ವೇಗದ ರೂಪವಾದ ಆರ್‌ಎಸ್‌ಟಿಪಿ ಆರಿಸಿ, ಮುಖ್ಯ ಸ್ವಿಚ್‌ನ ಪ್ರಯಾರಿಟಿಯನ್ನು 32768ರಿಂದ 4096ಕ್ಕೆ ಇಳಿಸಿ. ಇಲ್ಲದಿದ್ದರೆ ಮ್ಯಾಕ್ ವಿಳಾಸ ಚಿಕ್ಕದಿದೆ ಎಂಬ ಒಂದೇ ಕಾರಣಕ್ಕೆ ಮೂಲೆಯ ಹಳೇ ಸ್ವಿಚ್ ಯಜಮಾನನಾಗಿ ಕೂರಬಹುದು. ಹಳೆಯ ಎಸ್‌ಟಿಪಿಯಲ್ಲಿ ಪೋರ್ಟ್ ತೆರೆಯಲು 30 ಸೆಕೆಂಡ್ ಹಿಡಿಯುತ್ತದೆಂದು ಕೆಲವರು ಅದನ್ನೇ ಆಫ್ ಮಾಡುತ್ತಾರೆ. ಹಾಗೆ ಮಾಡಬೇಡಿ, ಕಂಪ್ಯೂಟರ್ ಪೋರ್ಟುಗಳನ್ನು ಎಡ್ಜ್ ಎಂದು ಗುರುತಿಸಿ ಬಿಪಿಡಿಯು ಗಾರ್ಡ್ ಹಾಕಿ. ಬಿಪಿಡಿಯು ಅಂದರೆ ಸ್ಪ್ಯಾನಿಂಗ್ ಟ್ರೀಗಾಗಿ ಸ್ವಿಚ್‌ಗಳು ಕಳಿಸುವ ಸಂದೇಶ, ಅದು ಬಂದ ಪೋರ್ಟನ್ನು ಗಾರ್ಡ್ ಮುಚ್ಚುತ್ತದೆ. ಬಿಪಿಡಿಯು ಫಿಲ್ಟರ್ ಬೇರೆಯದೇ, ಅದು ಆ ಸಂದೇಶಗಳನ್ನೇ ತಡೆಯುತ್ತದೆ. ಅದು ಆನ್ ಆಗಿದ್ದರೆ ಕಾವಲು ಇದ್ದೂ ಇಲ್ಲದಂತೆ. ಬಿಪಿಡಿಯು ನುಂಗುವ ಪುಟ್ಟ ಸ್ವಿಚ್‌ಗಳೂ ಇರುವುದರಿಂದ ಲೂಪ್ ಡಿಟೆಕ್ಷನ್, ಬ್ರಾಡ್‌ಕಾಸ್ಟ್ ಮಿತಿ ಮೀರದಂತೆ ತಡೆಯುವ ಸ್ಟಾರ್ಮ್ ಕಂಟ್ರೋಲ್ ಎರಡನ್ನೂ ಆನ್ ಮಾಡಿಡಿ.

ಎಲ್ಲರೂ ಮನೆಗೆ ಹೋದ ಮೇಲೆ ಎರಡು ಎಡ್ಜ್ ಪೋರ್ಟುಗಳನ್ನು ಒಂದು ಗಿಡ್ಡ ಕೇಬಲ್ಲಿನಿಂದ ಬೇಕೆಂದೇ ಜೋಡಿಸಿ ನೋಡಿ. ಒಂದಾದರೂ ಪೋರ್ಟ್ ತಕ್ಷಣ ತಾನಾಗಿ ಮುಚ್ಚಬೇಕು. ಮುಚ್ಚದಿದ್ದರೆ ಕೇಬಲ್ ಕಿತ್ತು, ಸೆಟ್ಟಿಂಗ್ ಸೇವ್ ಆಗಿದೆಯೇ ಎಂಬುದನ್ನು ಮೊದಲು ನೋಡಿ.