ಮೂಲೆ ಸೈಟಿಗೆ ಚಪ್ಪಡಿ ಕಲ್ಲಿನ ಕಾಂಪೌಂಡ್: ನನ್ನ ಅನುಭವ

ನಮ್ಮ ಕಾಂಪೌಂಡ್ ಮೂರು ಮಳೆಗಾಲ ದಾಟಿದೆ. ಒಂದು ಕಲ್ಲೂ ವಾಲಿಲ್ಲ, ಎತ್ತರ ಅಳೆಯಲು ಯಾರೂ ಟೇಪ್ ಹಿಡಿದುಕೊಂಡು ಬಂದಿಲ್ಲ. 2023ರಲ್ಲಿ ಇದನ್ನು ನೆಡುವಾಗ ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಕಲ್ಲು ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಟ್ಟಿಗೆ ಬರೆದುಬಿಡೋಣ ಅಂತ ಕೂತೆ.

ನಾನು ಬೆಂಗಳೂರಿನ ಯಲಹಂಕ ಸುತ್ತಮುತ್ತ ಸಣ್ಣಪುಟ್ಟ ಮನೆ ಕಟ್ಟಿಸಿಕೊಡುವವನು. ಈ ಕಾಂಪೌಂಡ್ ಮಾತ್ರ ನನ್ನದೇ ಮನೆಯದು. ಮೂವತ್ತು ನಲವತ್ತರ ಮೂಲೆ ಸೈಟು, ಮುಂದೆ ಮೂವತ್ತಡಿಗೂ ಪಕ್ಕದ ನಲವತ್ತಡಿಗೂ ರಸ್ತೆ.

2019ರಲ್ಲಿ ಎಲ್ಲರ ಹಾಗೆ ನಾನೂ ಆರಿಂಚು ಸಾಲಿಡ್ ಸಿಮೆಂಟ್ ಬ್ಲಾಕಿನಲ್ಲಿ ಏಳಡಿ ಎತ್ತರಕ್ಕೆ ಗೋಡೆ ಎಬ್ಬಿಸಿದ್ದೆ. ಪ್ಲಾಸ್ಟರಿಂಗು, ಪೇಂಟು ಎಲ್ಲ ಸೇರಿ ಎರಡೂಕಾಲು ಲಕ್ಷದ ಹತ್ತಿರ ಆಗಿತ್ತು. ಮೇಲೆ ಗಾಜಿನ ಚೂರು ಬೇರೆ. ಕೋಟೆ ಕಟ್ಟಿದೆ ಅಂತ ಹೆಮ್ಮೆ.

ಮೊದಲ ಪೆಟ್ಟು ಬಿದ್ದದ್ದು ಎರಡು ವರ್ಷದ ಮೇಲೆ. ಬೆಳಗ್ಗೆ ಐದೂವರೆ ಇರಬೇಕು. ಹಾಲು ಹಾಕುವ ಹುಡುಗ ನಮ್ಮ ಮೂಲೆಯಲ್ಲಿ ತಿರುಗಿದ, ಆ ಕಡೆಯಿಂದ ಆಟೋ ಬಂತು. ಒಬ್ಬರಿಗೊಬ್ಬರು ಕಾಣಲೇ ಇಲ್ಲ. ಹುಡುಗನಿಗೆ ಮಂಡಿ ತರಚಿತು ಅಷ್ಟೇ, ದೇವರು ದೊಡ್ಡವನು. ಆದರೆ ಪ್ಯಾಕೆಟ್‌ಗಳು ಒಡೆದು ಹಾಲೆಲ್ಲ ನಮ್ಮ ಗೋಡೆ ಬುಡದಿಂದ ಮೋರಿಗೆ ಹರಿಯಿತು. ಸೇರಿದವರೆಲ್ಲ ಆಟೋದವನನ್ನು ಬಿಟ್ಟು ನನ್ನ ಗೋಡೆಯನ್ನು ಬೈದರು. ಹಾಲಿನ ದುಡ್ಡು ನಾನೇ ಕೊಟ್ಟೆ.

ಎರಡನೇ ಪೆಟ್ಟು 2022ರ ಸೆಪ್ಟೆಂಬರ್ ಮಳೆ. ಔಟರ್ ರಿಂಗ್ ರೋಡ್ ಕಡೆ ಟ್ರ್ಯಾಕ್ಟರಿನಲ್ಲಿ ಜನ ಆಫೀಸಿಗೆ ಹೋದರಲ್ಲ, ಅದೇ ವಾರ. ನಲವತ್ತಡಿ ಬದಿಯಲ್ಲಿ ಸುಮಾರು ಇಪ್ಪತ್ತೈದಡಿ ಗೋಡೆ ರಾತ್ರಿ ರಸ್ತೆಗೆ ಮಲಗಿತು. ಎದುರು ಮನೆಯವರ ಕಾರಿನ ಬಾನೆಟ್ ಮೇಲೆ. ತಪ್ಪು ನನ್ನದೇ. ಒಳಗೆ ಗಾರ್ಡನ್ ಮಾಡ್ತೀನಿ ಅಂತ ಗೋಡೆಗೆ ತಾಗಿಸಿ ಎರಡಡಿ ಮಣ್ಣು ತುಂಬಿದ್ದೆ, ನೀರು ಹೊರಗೆ ಹೋಗಲು ಒಂದೂ ವೀಪ್ ಹೋಲ್ (ಗೋಡೆ ಬುಡದ ತೂತು) ಬಿಟ್ಟಿರಲಿಲ್ಲ. ಗಿರಾಕಿಗಳ ಸೈಟಿನಲ್ಲಿ ಬಾಯಿ ಬಡಿದುಕೊಳ್ಳುವ ವಿಷಯ, ಸ್ವಂತ ಮನೆಯಲ್ಲಿ ಮರೆತಿದ್ದೆ. ಕಾರಿಗೆ ಹದಿನೆಂಟು ಸಾವಿರ, ಬಿದ್ದ ಗೋಡೆಯ ಡೆಬ್ರಿ ಎತ್ತಿಸಲು ಎಂಟೋ ಒಂಬತ್ತೋ ಸಾವಿರ. ಉಳಿದ ಗೋಡೆಯೂ ಬಿರುಕು ಬಿಟ್ಟಿತ್ತು, ಅದನ್ನೂ ಕೆಡವಿಸಿದೆ.

ಆಮೇಲೆ ಕೂತು ಕಾಂಪೌಂಡಿನ ರೂಲ್ಸ್ ಓದಿದೆ. ಇಷ್ಟು ವರ್ಷದ ಮೇಲೆ ಓದಿದ್ದು ಅಂತ ಹೇಳಲು ನಾಚಿಕೆಯೇನಿಲ್ಲ. ಮನೆ ಕಟ್ಟಿಸುವ ನಮ್ಮಲ್ಲಿ ಎಷ್ಟು ಜನ ಓದಿದ್ದೀವಿ ಹೇಳಿ? ನಾನು ಹಿಡಿದದ್ದು ನ್ಯಾಷನಲ್ ಬಿಲ್ಡಿಂಗ್ ಕೋಡಿನ (ಇಡೀ ದೇಶಕ್ಕೆ ಮಾಡಿದ ಕಟ್ಟಡದ ಮಾದರಿ ನಿಯಮ) ಲೆಕ್ಕ. ಗೋಡೆಯ ಎತ್ತರ ಮುಂದಿನ ರಸ್ತೆಯ ಮಧ್ಯದ ಗೆರೆಯ ಮಟ್ಟದಿಂದ ಒಂದೂವರೆ ಮೀಟರ್, ಅಂದರೆ ನಾಲ್ಕಡಿ ಹನ್ನೊಂದಿಂಚು. 2.4 ಮೀಟರ್‌ವರೆಗೆ ಹೋಗಬಹುದು, ಆದರೆ ಮೇಲಿನ 0.9 ಮೀಟರ್ ಈ ಕಡೆಯಿಂದ ಆ ಕಡೆ ಕಾಣುವ ಹಾಗಿರಬೇಕು. ಮೂಲೆ ಸೈಟಾದರೆ ಇನ್ನೂ ಬಿಗಿ. ರಸ್ತೆ ಕೂಡುವ ಜಾಗದಿಂದ ಎರಡೂ ಕಡೆ ಹತ್ತು ಮೀಟರ್ ಉದ್ದಕ್ಕೆ ಗೋಡೆ ಮುಕ್ಕಾಲು ಮೀಟರ್ ಮಾತ್ರ, ಅದರ ಮೇಲಿನ ಮುಕ್ಕಾಲು ಮೀಟರ್ ಬೇಕಾದರೆ ಗ್ರಿಲ್.

ಈ ಹತ್ತು ಮೀಟರನ್ನು ಮೂವತ್ತು ನಲವತ್ತರ ಸೈಟಿಗೆ ಹಾಕಿ ನೋಡಿ. ಹತ್ತು ಮೀಟರ್ ಅಂದರೆ ಮೂವತ್ಮೂರಡಿ. ಮುಂದಿನ ಮೂವತ್ತಡಿ ಪೂರ್ತಿ ಅದರೊಳಗೇ ಬಂತು. ಪಕ್ಕದ ನಲವತ್ತರಲ್ಲಿ ಉಳಿದದ್ದು ಬರೀ ಏಳಡಿ! ನನ್ನ ಏಳಡಿ ಕೋಟೆಯಲ್ಲಿ ರಸ್ತೆ ಕಡೆ ಒಂದಿಂಚೂ ಸರಿ ಇರಲಿಲ್ಲ.

ಪಾಲಿಕೆ ನಿಯಮವನ್ನು ನಿಮ್ಮ ಕಡೆಯ ಎಂಜಿನಿಯರ್ ಹತ್ತಿರ ಒಂದು ಸಲ ಕೇಳಿಕೊಳ್ಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ ಮೇಲೆ ಯಾವ ಕಚೇರಿಗೆ ಹೋಗಬೇಕು ಅನ್ನೋದೇ ಒಂದು ಕೆಲಸ.

ತಕ್ಷಣ ಕಲ್ಲಿಗೆ ಬರಲಿಲ್ಲ. ದುಡ್ಡು ಖಾಲಿಯಾಗಿತ್ತು, ಗಿಡದ ಬೇಲಿ ಮಾಡೋಣ ಅಂತ ಹೊರಟೆ. ಬುಡಕ್ಕೊಂದು ಸಾಲು ಮದರಂಗಿ, ಮಧ್ಯೆ ದಾಸವಾಳ, ಗೊಬ್ಬರದ ಗಿಡದ ಗೂಟ. ನಾಲ್ಕು ಸಾವಿರದಲ್ಲಿ ಮುಗಿಯಿತು ಅಂದುಕೊಂಡೆ. ಬೀದಿ ಹಸು ದಾಸವಾಳ ಮುಗಿಸಿತು, ಯಾರದೋ ಮೇಕೆ ಗೊಬ್ಬರದ ಗಿಡ ಮುಗಿಸಿತು. ಮದರಂಗಿಯನ್ನು ಯಾವ ಪ್ರಾಣಿಯೂ ಮುಟ್ಟಲಿಲ್ಲ, ಬೀದಿಯ ಹೆಣ್ಣುಮಕ್ಕಳು ಬೋಳಿಸಿದರು. ಮೂರು ಬುಡ ಈಗಲೂ ಇವೆ, ಹಬ್ಬಕ್ಕೆ ನಮ್ಮ ಮನೆಗೂ ಅದೇ.

ಚಪ್ಪಡಿ ತಲೆಗೆ ಬಂದದ್ದು ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹೋಗುವಾಗ. ಆ ಕಡೆ ದ್ರಾಕ್ಷಿ ತೋಟಗಳಿಗೆಲ್ಲ ಕಲ್ಲುಕಂಬ, ಚಪ್ಪಡಿ ಬೇಲಿ. ಸಿಮೆಂಟಿಲ್ಲ, ಪಾಯ ಇಲ್ಲ, ನಮ್ಮಪ್ಪನ ಕಾಲದ್ದೂ ನಿಂತೇ ಇವೆ. ಮಾರನೇ ದಿನ ಮೇಸ್ತ್ರಿಗೆ ಹೇಳಿದರೆ, "ಸಾರ್, ಇದೇನ್ ತೋಟನಾ? ಸೈಟಿಗೆ ಯಾರ್ ಸಾರ್ ಹಾಕ್ತಾರೆ ಇದನ್ನ" ಅಂದ. ನನ್ನ ಹೆಂಡತಿ ಅದಕ್ಕಿಂತ ಮುಂದೆ ಹೋಗಿ, "ಸಮಾಧಿ ಕಲ್ಲು ಸಾಲಾಗಿ ನಿಲ್ಲಿಸಿದ ಹಾಗಿರುತ್ತೆ ರೀ" ಅಂದಳು.

ದೇವನಹಳ್ಳಿ ಕಡೆ ಮೂರು ಕಡೆ ಕಲ್ಲು ನೋಡಿದೆ. ಏಳಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಎರಡೂವರೆ ಇಂಚು ದಪ್ಪ. ಒಂದೊಂದು ಒಂದೂವರೆ ಕ್ವಿಂಟಾಲ್ ಹತ್ತಿರ ತೂಗುತ್ತೆ. ಆರು ನೂರೈವತ್ತಕ್ಕೆ ಮಾತಾಯಿತು. ಏಳಡಿಯಲ್ಲಿ ಎರಡಡಿ ಒಂದಿಂಚು ನೆಲದೊಳಗೆ ಹೋದರೆ ಮೇಲೆ ಉಳಿಯುವುದು ನಾಲ್ಕಡಿ ಹನ್ನೊಂದಿಂಚು. ಕೋಡಿನ ಒಂದೂವರೆ ಮೀಟರ್ ಸರಿಯಾಗಿ ಅಷ್ಟೇ! ಯಾರೋ ಚಪ್ಪಡಿ ಅಳತೆ ಇಟ್ಟುಕೊಂಡೇ ರೂಲ್ಸ್ ಬರೆದ ಹಾಗಿದೆ.

ನಿಜವಾದ ಲಾಭ ಇದ್ದದ್ದು ಕಲ್ಲು ಮಾರುವವರ ಅಂಗಳದ ಮೂಲೆಯಲ್ಲಿ. ಸೀಳುವಾಗ, ಲೋಡ್ ಮಾಡುವಾಗ ಮುರಿದ ಚಪ್ಪಡಿಗಳ ರಾಶಿ ಅಲ್ಲಿ ಬಿದ್ದಿತ್ತು. ನನಗೆ ರಸ್ತೆ ಕಡೆ ನೆಲದ ಮೇಲೆ ಬೇಕಾದದ್ದು ಆ ಮುಕ್ಕಾಲು ಮೀಟರ್, ಅಂದರೆ ಎರಡೂವರೆ ಅಡಿಗೆ ಅರ್ಧ ಇಂಚು ಕಮ್ಮಿ. ಎರಡಡಿ ನೆಲದೊಳಗೆ ಹೋದರೂ ನಾಲ್ಕೂವರೆ ಅಡಿ ತುಂಡು ಸಾಕು. ಯಾರಿಗೂ ಬೇಡದ ಕಲ್ಲು, ನೂರೆಂಬತ್ತರಂತೆ ನಲವತ್ತು ತುಂಡು ಆರಿಸಿದೆ. ಯಾರ ಅಂಗಳ ಅಂತ ಮಾತ್ರ ಕೇಳಬೇಡಿ, ಇನ್ನೂ ಎರಡು ಸೈಟಿಗೆ ನನಗೇ ಬೇಕು.

ನೆಡುವ ಮೊದಲು ಗಡಿ. ಕ್ರಯಪತ್ರದ ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ ವಿವರ) ಹಿಡಿದು ಅಳೆಸಿದರೆ ಪಕ್ಕದವರ ಕಡೆ ನಾಲ್ಕಿಂಚು ವ್ಯತ್ಯಾಸ ಬಂತು. ನನ್ನ ಹಳೇ ಗೋಡೆಯ ಫುಟಿಂಗೇ, ಅಂದರೆ ಪಾಯದ ಪಾದವೇ, ಅವರ ಕಡೆ ಚಾಚಿಕೊಂಡಿತ್ತು! ಪಕ್ಕದ ಮನೆಯವರು ರಿಟೈರ್ಡ್ ಮೇಷ್ಟ್ರು. ದಾರ ಕಟ್ಟಿ, ಅವರನ್ನು ಕರೆದು ತೋರಿಸಿ, "ಸಾರ್, ಒಪ್ಪಿಗೆನಾ" ಅಂತ ಒಂದು ಹಾಳೆಯಲ್ಲಿ ಇಬ್ಬರೂ ಸಹಿ ಹಾಕಿದೆವು. ಚಪ್ಪಡಿಯ ದೊಡ್ಡ ಅನುಕೂಲ ಇಲ್ಲೇ. ಒಂದಡಿ ಅಗಲದ ಕಾಲುವೆ ತೋಡಿದರೆ ಸಾಕು, ಪೂರ್ತಿ ನಮ್ಮ ಜಾಗದಲ್ಲೇ. ಬ್ಲಾಕ್ ಗೋಡೆಯ ಪಾಯದ ಹಾಗೆ ಆಚೆ ಕಡೆ ಪಾದ ಚಾಚುವುದಿಲ್ಲ.

ನೆಡುವುದೆಂದರೆ ಕಾಲುವೆ ತೋಡಿ, ಕಲ್ಲು ನಿಲ್ಲಿಸಿ, ಬುಡ ತುಂಬುವುದು ಅಷ್ಟೇ. ಮೊದಲ ದಿನ ನಾನು ಮಾಡಿದ ತಪ್ಪು ಹೇಳುತ್ತೇನೆ. ಅಂದ ಕಾಣಲಿ ಅಂತ ಕಲ್ಲಿಗೆ ಕಲ್ಲು ಒತ್ತಿ ನೆಟ್ಟು ಸಂದಿಗೆಲ್ಲ ಸಿಮೆಂಟ್ ತುಂಬಿಸಿದೆ. ಏಪ್ರಿಲ್‌ನ ಒಂದು ಅಡ್ಡಮಳೆಗೆ ಒಳಗೆ ನೀರು ನಿಂತು ಆರು ಕಲ್ಲು ಒಟ್ಟಿಗೆ ಎರಡಿಂಚು ಹೊರಗೆ ಬಾಗಿದವು. ಕಿತ್ತು ಮತ್ತೆ ನೆಟ್ಟೆ, ನಾಲ್ಕು ಸಾವಿರ ನೀರಿಗೆ ಹೋಯಿತು. ಆಮೇಲೆ ಪ್ರತಿ ಕಲ್ಲಿನ ಮಧ್ಯೆ ಬೆರಳು ತೂರುವಷ್ಟು ಸಂದು ಬಿಟ್ಟೆ. ಬುಡಕ್ಕೆ ಜಲ್ಲಿ ಮತ್ತು ಮಣ್ಣು ಪದರ ಪದರವಾಗಿ ಹಾಕಿ ಹಾರೆಯ ತಲೆಯಿಂದ ಕುಟ್ಟಿಸಿದೆ, ಮೇಲಿನ ಅರ್ಧ ಅಡಿಗೆ ಮಾತ್ರ ಕಾಂಕ್ರೀಟ್. ಒಳಗಡೆ ಕಾಂಪೌಂಡಿಗೆ ತಾಗಿ ಮೂರಡಿ ಪಟ್ಟಿಯಲ್ಲಿ ಮಣ್ಣು ಏರಿಸಿಲ್ಲ, ರಸ್ತೆ ಮಟ್ಟಕ್ಕೇ ಬಿಟ್ಟಿದ್ದೇನೆ. ಅಲ್ಲಿ ಕೆಸುವು, ಅರಿಶಿನ ಬೆಳೆಯುತ್ತಿದೆ.

ಗ್ರಿಲ್ಲಿಗೆ ಕಲ್ಲು ತೂತು ಹೊಡೆಯಲು ಹೋಗಿ ಎರಡು ಕಲ್ಲು ಸೀಳಿಸಿಕೊಂಡೆ. ಈಗಿನ ಗ್ರಿಲ್ ಒಂದು ತೂತೂ ಇಲ್ಲದೆ ನಿಂತಿದೆ. ಹೇಗೆ ಅಂತ ನೋಡಬೇಕಾದವರು ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ. ಬರೆದು ಮಾತ್ರ ಹೇಳುವುದಿಲ್ಲ.

ರಸ್ತೆ ಬದಿಯಲ್ಲಿ ಒಂದು ಹೊಂಗೆ ಮರ ಇದೆ, ಅದರ ಬೇರು ಸರಿಯಾಗಿ ನಮ್ಮ ಗೆರೆಗೆ ಬಂದಿತ್ತು. ಮೇಸ್ತ್ರಿ ಮಚ್ಚು ತೆಗೆದೇ ಬಿಟ್ಟಿದ್ದ. ಬೇಡ ಅಂದೆ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಮರ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬೇರು ಕಡಿದು ನಾಳೆ ಮರ ಬಿದ್ದರೆ ಉತ್ತರ ಕೊಡುವವನು ನಾನು. ಅಲ್ಲಿ ಮೂರು ಕಲ್ಲನ್ನು ಒಂದಡಿ ಒಳಗೆ ಸರಿಸಿ ನೆಟ್ಟೆ. ಈಗ ಆ ಗೂಡಿನಲ್ಲಿ ಹೂವು ಮಾರುವ ಅಜ್ಜಿ ಸಂಜೆ ಕೂರುತ್ತಾರೆ.

ನೆನಪಿನ ಲೆಕ್ಕ ಹೀಗಿದೆ. ಹಿಂಬದಿಯಲ್ಲಿ ಹಿಂದಿನ ಮನೆಯವರ ಗೋಡೆ ಇರುವುದರಿಂದ ಅಲ್ಲಿ ಖರ್ಚಿಲ್ಲ. ಉದ್ದದ ಚಪ್ಪಡಿ ಮೂವತ್ತಾರು, ಇಪ್ಪತ್ಮೂರು ಸಾವಿರ ಚಿಲ್ಲರೆ. ತುಂಡು ಕಲ್ಲು ಏಳು ಸಾವಿರ. ಲಾರಿ ಏಳು. ನಾಲ್ಕು ಜನ ಆರು ದಿನ, ಇಪ್ಪತ್ನಾಲ್ಕು. ಗ್ರಿಲ್, ಅದಕ್ಕೆ ತುಕ್ಕು ಹಿಡಿಯದ ಹಾಗೆ ಬಳಿಯುವ ರೆಡ್ ಆಕ್ಸೈಡ್ ಸೇರಿ ಇಪ್ಪತ್ತೈದು. ಜಲ್ಲಿ, ಸಿಮೆಂಟು, ನನ್ನ ತಪ್ಪಿನ ನಾಲ್ಕು ಸಾವಿರ ಎಲ್ಲ ಸೇರಿಸಿದರೂ ಲಕ್ಷ ಮುಟ್ಟಲಿಲ್ಲ. ಹಳೇ ಗೇಟನ್ನೇ ಹಾಕಿದೆ, ಆದರೆ ತಿರುಗಿಸಿ, ಒಳಗೆ ತೆರೆಯುವ ಹಾಗೆ. ಮೊದಲು ರಸ್ತೆಗೆ ತೆರೆಯುತ್ತಿತ್ತು, ಅದೂ ತಪ್ಪೇ.

ಒಂದು ತಮಾಷೆ. ಎತ್ತರದ ಅಳತೆ ರಸ್ತೆಯ ಮಧ್ಯದಿಂದ ಅಂದೆನಲ್ಲ. ಹೋದ ವರ್ಷ ಹಳೇ ಡಾಂಬರು ಕೆರೆಯದೆ ಮೇಲೆಯೇ ಹೊಸದು ಹಾಕಿ ಹೋದರು. ರಸ್ತೆ ಮೂರಿಂಚು ಮೇಲೆದ್ದಿತು, ನಮ್ಮ ಕಾಂಪೌಂಡ್ ಕೂತಲ್ಲೇ ಮೂರಿಂಚು ಕುಳ್ಳಗಾಯಿತು. ಇನ್ನೊಂದು ಸಲ ಹೀಗೇ ಹಾಕಿದರೆ ಗ್ರಿಲ್ ಅರ್ಧ ಅಡಿ ಏರಿಸಬಹುದು, ರೂಲ್ಸ್ ಪ್ರಕಾರವೇ!

ಕಳ್ಳರ ಭಯ ಇಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಏಳಡಿ ಗೋಡೆ ಇದ್ದಾಗ ಒಳಗೆ ಹಾರಿದವನು ಯಾರಿಗೂ ಕಾಣುತ್ತಿರಲಿಲ್ಲ, ಎರಡು ಸಲ ನಲ್ಲಿ ಬಿಚ್ಚಿಕೊಂಡು ಹೋಗಿದ್ದರು. ಈಗ ಗ್ರಿಲ್ ಮೂಲಕ ಇಡೀ ಬೀದಿಗೆ ನಮ್ಮ ಅಂಗಳ ಕಾಣುತ್ತೆ, ನಲ್ಲಿ ಅಲ್ಲೇ ಇದೆ. ಹೆಂಡತಿಗೆ ಮರೆ ಬೇಕಿತ್ತು, ಗ್ರಿಲ್ಲಿಗೆ ಕಾಗದದ ಹೂವಿನ ಬಳ್ಳಿ ಹಬ್ಬಿಸಿದಳು. ಮೂಲೆಯ ಹತ್ತಿರ ಮಾತ್ರ ನಾನೇ ತಿಂಗಳಿಗೊಮ್ಮೆ ಕತ್ತರಿಸುತ್ತೇನೆ, ಹಾಲಿನ ಹುಡುಗ ಕಾಣಬೇಕಲ್ಲ. ಅದಕ್ಕೆ ನಮ್ಮಿಬ್ಬರಿಗೂ ತಿಂಗಳಿಗೊಂದು ಜಗಳ.

ಈ ಜೂನ್‌ನಲ್ಲಿ ಕಸದ ಆಟೋ ಹಿಂದಕ್ಕೆ ಬಂದು ಒಂದು ಉದ್ದದ ಚಪ್ಪಡಿ ಮುರಿಯಿತು. ಬ್ಲಾಕ್ ಗೋಡೆಯಾಗಿದ್ದರೆ ವಾರದ ಕೆಲಸ. ಹಿತ್ತಲಲ್ಲಿ ಉಳಿದಿದ್ದ ಒಂದು ಕಲ್ಲನ್ನು ನಾಲ್ಕು ಜನ ಹಿಡಿದು ನೆಟ್ಟೆವು, ತಿಂಡಿಯ ಹೊತ್ತಿಗೆ ಮುಗಿಯಿತು. ಮುರಿದ ತುಂಡನ್ನು ಹೆಂಡತಿ ಬಟ್ಟೆ ಒಗೆಯಲು ಹಾಕಿಸಿಕೊಂಡಿದ್ದಾಳೆ. ಸಮಾಧಿ ಕಲ್ಲು ಅಂದವಳು ಅವಳೇ.