ನೂರಕ್ಕೆ ಎಷ್ಟು? ಕಾರವಾರದ ಕಡೆ ಪೇಟೆ ಮಾಡುವ ಬಗೆ

ರಜೆಗೆಂದು ಕಾರವಾರಕ್ಕೋ ಗೋಕರ್ಣಕ್ಕೋ ಬಂದು ನಾಲ್ಕು ದಿನ ಸ್ವಂತ ಅಡುಗೆ ಮಾಡಿಕೊಳ್ಳುವವರು ಮೊದಲು ತಬ್ಬಿಬ್ಬಾಗುವುದು ಮೀನು ಪೇಟೆಯಲ್ಲಿ. ‘ಬಂಗಡೆ ಕಿಲೋಗೆ ಎಷ್ಟಕ್ಕಾ?’ ಎಂದರೆ ‘ನೂರಕ್ಕೆ ಐದು’ ಎಂಬ ಉತ್ತರ ಬರುತ್ತದೆ. ಸಣ್ಣ ಮೀನಿಗೆ ಇಲ್ಲಿ ತಕ್ಕಡಿಗಿಂತ ಎಣಿಕೆ, ಇಲ್ಲವೇ ಪಾಲು. ಪಾಲು ಎಂದರೆ ಮುಂದೆ ಗುಡ್ಡೆ ಹಾಕಿಟ್ಟ ಒಂದು ರಾಶಿ.

ಮೊದಲು ಲೆಕ್ಕ ಹಾಕಿ. ಮಧ್ಯಮ ಗಾತ್ರದ ಬಂಗಡೆ ಕಿಲೋಗೆ 8ರಿಂದ 10 ಬರುತ್ತದೆ. ನೂರಕ್ಕೆ 5 ಎಂದರೆ ಕಿಲೋಗೆ 160ರಿಂದ 200 ರೂಪಾಯಿ ಬಿದ್ದಂತೆ. ಕಿಲೋಗೆ ಐದೇ ತೂಗುವ ದಪ್ಪ ಬಂಗಡೆಯಾದರೆ ಅದೇ ದರಕ್ಕೆ ಕಿಲೋ ನೂರಕ್ಕೇ ಸಿಕ್ಕಿತು. ಹಾಗಾಗಿ ಸಂಖ್ಯೆ ಕೇಳುವ ಮುಂಚೆ ಗಾತ್ರ ನೋಡಿ. ಚೌಕಾಸಿಯಲ್ಲಿ ರೇಟು ಇಳಿಸಿ ಎನ್ನುವುದಕ್ಕಿಂತ ‘ಇನ್ನೊಂದು ಹಾಕಿ ಅಕ್ಕಾ’ ಎನ್ನುವುದು ಬೇಗ ಫಲಿಸುತ್ತದೆ.

ಆಮೇಲೆ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು, ಬೆರಳಿಂದ ಒತ್ತಿದ ಕುಳಿ ತಕ್ಷಣ ತುಂಬಬೇಕು. ತಾರಲೆಯ (ದಕ್ಷಿಣ ಕನ್ನಡದವರ ಬೂತಾಯಿ) ಹೊಟ್ಟೆ ಬಹಳ ಬೇಗ ಒಡೆಯುತ್ತದೆ. ಒಡೆದದ್ದು ಎಷ್ಟು ಅಗ್ಗವಾದರೂ ಬೇಡ. ಇಸ್ವಾಣ (ದಕ್ಷಿಣ ಕನ್ನಡದವರ ಅಂಜಲ್), ಪಾಪ್ಲೆಟ್‌ನಂಥ ದೊಡ್ಡ ಮೀನನ್ನು ಇಡಿಯಾಗಿ ತೂಗುತ್ತಾರೆ. ತಲೆ, ಕರುಳು ತೆಗೆದ ಮೇಲೆ ತೂಕ ಇಳಿಯುವುದು ನೆನಪಿರಲಿ. ಕತ್ತರಿಸುವ ಕೂಲಿ ಬೇರೆ, ಅದನ್ನೂ ಮೊದಲೇ ಕೇಳಿಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಪೇಟೆಯಲ್ಲಿ ನಾಡದೋಣಿಯವರ ಮತ್ತು ಹೊಳೆಯ ಮೀನು ಸ್ವಲ್ಪವೇ ಬರುತ್ತದೆ. ಉಳಿದದ್ದು ಹೆಚ್ಚಾಗಿ ಐಸಿನದು, ದರವೂ ಏರಿರುತ್ತದೆ. ಆ ಎರಡು ತಿಂಗಳು ಒಣಮೀನೇ ಲೇಸು.

ತರಕಾರಿಗೆ ಕಾರವಾರದ ಭಾನುವಾರದ ಸಂತೆ. ಅಂಕೋಲೆಯಲ್ಲಾದರೆ ರಸ್ತೆ ಬದಿ ಕೂರುವ ಹಾಲಕ್ಕಿ ಸಮುದಾಯದ ಹೆಂಗಸರ ಬಳಿ ಊರಿನ ಬಸಳೆ, ಹರಿವೆ ಸಿಗುತ್ತದೆ. ಚಿಲ್ಲರೆ ಒಯ್ಯಿರಿ.

ಕಡಲತಡಿಯ ಅಂಗಡಿಯಲ್ಲಿ ನೀರಿನ ಬಾಟಲಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ಕೊಡಬೇಕಿಲ್ಲ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹೋಟೆಲಿನಲ್ಲಿ ಕೂತು ಕುಡಿದರೆ ಮಾತು ಬೇರೆ. ಅಲ್ಲಿ ಹೆಚ್ಚು ಪಡೆಯಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಊರಿಗೆ ಒಯ್ಯುವ ಸಾಮಾನಿನಲ್ಲಿ ನಮ್ಮ ಮೊದಲ ಮತ ಕುಮಟಾದ ಸಿಹಿ ಈರುಳ್ಳಿಗೆ. ಅಳವೇಕೋಡಿ, ಹಂದಿಗೋಣ, ವನ್ನಳ್ಳಿಯ ಗದ್ದೆಗಳಲ್ಲಿ ಬೆಳೆದು, ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಗೊಂಚಲು ಗೊಂಚಲಾಗಿ ತೂಗಾಡುತ್ತದೆ. ಗೊಂಚಲಿನ ಬೆಲೆ ಕೇಳಿದ ಮೇಲೆ ತೂಗಿಸಿ ಕಿಲೋ ಲೆಕ್ಕ ಹಿಡಿಯಿರಿ, ಗೊಂಚಲುಗಳ ಗಾತ್ರ ಒಂದೇ ಇರುವುದಿಲ್ಲ. ಕುತ್ತಿಗೆ ತೆಳುವಾಗಿ ಪೂರ್ತಿ ಒಣಗಿರಬೇಕು. ದಪ್ಪ ಹಸಿ ಕುತ್ತಿಗೆಯದು ಮೊದಲು ಕೊಳೆತು ಪಕ್ಕದವನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಹಾಳಾಗುತ್ತದೆ. ಮನೆ ತಲುಪಿದ ದಿನವೇ ಗಾಳಿಯಾಡುವ ಕಡೆ ತೂಗುಹಾಕಿ.

ಮುರುಗಲು (ಕೋಕಂ) ಸಿಪ್ಪೆ ಕೊಳ್ಳುವಾಗ ಬಿಳಿ ಉಪ್ಪಿನ ಪುಡಿ ಮೆತ್ತಿದ್ದರೆ ಬಿಡಿ, ಉಪ್ಪಿನ ತೂಕಕ್ಕೂ ನೀವೇ ಹಣ ಕೊಡುತ್ತೀರಿ. ಮೆತ್ತಗೆ, ಕಡುನೇರಳೆ ಬಣ್ಣದ್ದಿರಲಿ. ಅಂಗಡಿಯಲ್ಲಿ ಜೊತೆಗೇ ಇಡುವ ಕಪ್ಪು ಉಪ್ಪಾಗೆ ಬೇರೆ ಹಣ್ಣಿನದು. ಮೀನು ಸಾರಿಗೆ ಅದೂ ಸೈ, ಪಾನಕಕ್ಕೆ ಮಾತ್ರ ಮುರುಗಲೇ ಬೇಕು.