ಕೆನೆಟ್ ನದಿಯಲ್ಲಿ ಬೆಂಡಿನ ಗಾಳ: ನನ್ನ ಅನುಭವ

ಶ್ರೀರಂಗಪಟ್ಟಣದ ಬಳಿ ಬಿದಿರುಕೋಲಿಗೆ ದಾರ ಕಟ್ಟಿ, ರಾಗಿ ಮುದ್ದೆಯ ಚೂರನ್ನು ಎರೆಯಾಗಿ ಸಿಕ್ಕಿಸಿ ಗಾಳ ಹಾಕುತ್ತ ಬೆಳೆದ ನಾನು ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೇಲೆ ಮೊದಲು ಕಲಿತದ್ದು ಇಲ್ಲಿನ ಮೀನುಗಳ ಪಂಚಾಂಗ. ಚಬ್, ಡೇಸ್, ಬಾರ್ಬೆಲ್‌ಗಳಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಗಾಳ ಹಾಕುವಂತಿಲ್ಲ; ಬ್ರೌನ್ ಟ್ರೌಟ್ ಹಿಡಿಯಲು ಥೇಮ್ಸ್ ಪ್ರದೇಶದಲ್ಲಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ ಅವಕಾಶ. ರೆಡಿಂಗ್‌ನಲ್ಲಿ ಥೇಮ್ಸನ್ನು ಸೇರುವ ಕೆನೆಟ್‌ನಲ್ಲಾದರೋ ಇವೆಲ್ಲ ಒಂದೇ ಮಡುವಿನಲ್ಲಿರುತ್ತವೆ. ಹೀಗಾಗಿ ಅಕ್ಟೋಬರಿನಲ್ಲಿ ಟ್ರೌಟ್ ಕಚ್ಚಿದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟುಬಿಡಬೇಕು.

ನನ್ನ ಎರೆ ನೊಣದ ಹುಳು. ಅದನ್ನು ಅಂಗಡಿಯಲ್ಲಿ ಪೈಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚಿನ ಅಳತೆ) ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಅದಕ್ಕೆ ಜಾಗವಿಲ್ಲವೆಂಬುದು ಮೊದಲ ವಾರದಲ್ಲೇ ತೀರ್ಮಾನವಾಯಿತು. ಆರಂಭದಲ್ಲಿ ಹಿಡಿಗಟ್ಟಲೆ ಎರಚುತ್ತಿದ್ದೆ. ಹುಳು ತಳಕ್ಕೆ ಇಳಿಯುವ ಮೊದಲೇ ಟ್ರೌಟ್‌ಗಳು ಮೇಲೆದ್ದು ಬಾಚಿಕೊಳ್ಳುತ್ತಿದ್ದುದರಿಂದ ನನ್ನ ಕೊಕ್ಕೆಗೂ ಅವೇ ಬೀಳುತ್ತಿದ್ದವು. ಈಗ ಹುಳುಗಳನ್ನು ಚಿಕ್ಕ ಡಬ್ಬಿಯಲ್ಲಿ ಇಳಿಬಿಟ್ಟು ತಳದಲ್ಲೇ ಸುರಿಯುತ್ತೇನೆ. ಜಲ್ಲಿಕಲ್ಲಿನ ತಳಕ್ಕಿಂತ ಒಂದೆರಡು ಅಂಗುಲವಷ್ಟೇ ಮೇಲೆ ಎರೆ ಸಾಗುವಂತೆ ನೀರಿನ ಮೇಲೆ ತೇಲುವ ಬೆಂಡಿನಿಂದ ಕೊಕ್ಕೆಯವರೆಗಿನ ದಾರದ ಉದ್ದವನ್ನೂ ಹೊಂದಿಸುತ್ತೇನೆ. ಮೇಲ್ನೀರಿನ ವೇಗ ತಳದ ನೀರಿಗಿಂತ ಹೆಚ್ಚು. ಬೆಂಡನ್ನು ಅದರ ಪಾಡಿಗೆ ಬಿಟ್ಟರೆ ಅದು ಎರೆಯನ್ನು ಎಳೆದುಕೊಂಡು ಓಡುತ್ತದೆ. ಆದ್ದರಿಂದ ದಾರವನ್ನು ಬೆರಳಿನಲ್ಲಿ ತುಸು ಹಿಡಿದು ಬೆಂಡನ್ನು ನಿಧಾನಿಸುತ್ತೇನೆ, ಆಗ ಎರೆ ಮುಂದೆ, ಬೆಂಡು ಹಿಂದೆ ಸಾಗುತ್ತದೆ. ಚಬ್ ಮೀನು ಕಚ್ಚುವುದು ಹೆಚ್ಚಾಗಿ ಹೀಗೆ ತಡೆದ ಕ್ಷಣದಲ್ಲೇ.

ದಾರದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಚಿಕ್ಕ ಮೀನಾದ ಡೇಸ್‌ಗೆಂದು ಎರಡೂವರೆ ಪೌಂಡ್ ಭಾರವಷ್ಟೇ ತಾಳುವ ದಾರ ಕಟ್ಟಿದ್ದ ಸಂಜೆ ಬೆಂಡು ಮುಳುಗಿತು; ಕೋಲೆತ್ತಿದರೆ ತಳ ಸಿಕ್ಕಿಕೊಂಡಂತೆ ಭಾರ. ಅರೆಗಳಿಗೆಯ ನಂತರ ಆ ತಳವೇ ಪ್ರವಾಹಕ್ಕೆದುರಾಗಿ ಹೊರಟಿತು. ಸಿಕ್ಕಿದ್ದು ಬಾರ್ಬೆಲ್; ಅದು ನಮ್ಮ ಕಾವೇರಿಯ ಬಿಳಿಮೀನಿನ (ಮಹಶೀರ್) ಕುಟುಂಬಕ್ಕೆ ಸೇರಿದ್ದು, ಸೋಲೊಪ್ಪದ ಹಟವೂ ಅದೇ. ದಾರ ತುಂಡಾಗುವ ಭಯದಿಂದ ಅರ್ಧ ಗಂಟೆ ಅದನ್ನು ಆಡಿಸಿದೆ. ಕೊನೆಗೆ ಬಲೆಯಲ್ಲಿ ಮಲಗಿದ್ದ ಮೀನು ನಾಲ್ಕು ಮೀಸೆಗಳನ್ನು ಜೋಲುಬಿಟ್ಟು, ಕಿವಿರು ಮಾತ್ರ ಆಡಿಸುತ್ತಿತ್ತು. ಬಿಟ್ಟ ಕೂಡಲೇ ಹೊಟ್ಟೆ ಮೇಲಾಗಿ ತೇಲಿತು. ಮೊಣಕಾಲುದ್ದ ನೀರಿಗಿಳಿದು ಅದನ್ನು ಮತ್ತೆ ಹಿಡಿದು, ತಲೆ ಪ್ರವಾಹದ ಕಡೆಗಿರುವಂತೆ ಎರಡೂ ಅಂಗೈಗಳಲ್ಲಿ ನೆಟ್ಟಗೆ ನಿಲ್ಲಿಸಿಕೊಂಡೆ. ಕಾಲು ಮರಗಟ್ಟುವಷ್ಟು ಹೊತ್ತಾದ ಮೇಲೆ ಬಾಲ ಒಮ್ಮೆ ನನ್ನ ಮಣಿಕಟ್ಟಿಗೆ ಬಡಿಯಿತು, ಅಂಗೈ ಖಾಲಿಯಾಯಿತು.

ಮರುವಾರದಿಂದ ಆರು ಪೌಂಡಿನ ದಾರವನ್ನೇ ಕಟ್ಟುತ್ತಿದ್ದೇನೆ. ಡೇಸ್ ಬೀಳುವುದು ಕಡಿಮೆಯಾಗಿದೆ.